ವಿಮಲಮ್ಮನ ಹರಕೆ, ಹೇಮಶ್ರೀಯ ಒಪ್ಪೊತ್ತು

"ಹರಕೆ ಹೊತ್ತೋರು ನಮ್ಮತ್ತೆ, ಉಪವಾಸ ಇರೋಳು ನಾನು ಕಣಜ್ಜಿ. ಮೊದ್ಲು ಸೋಮವಾರ ಒಂದೇ ಅಂದ್ರು. ಆಮೇಲೆ ಶುಕ್ರವಾರ ಸೇರ್ತು. ಈಗ ತೊಟ್ಲು ಕಟ್ಟೋವರ್ಗೂ ದಿನಾ ಒಪ್ಪೊತ್ತು. ಮಧ್ಯಾಹ್ನ ಎಲ್ರದ್ದೂ ಆದ್ಮೇಲೆ ಒಂದು ಹಿಡಿ ಅನ್ನ, ನೀರು ಮಜ್ಜಿಗೆ, ಅಷ್ಟೇ. ತಲೆ ಬಾಚಿದ್ರೆ ಕೂದ್ಲು ಕೈತುಂಬ ಬತ್ತದೆ. ಬಿಸ್ಲಲ್ಲಿ ಕೂತ್ರೂ ಚಳಿ. ಅತ್ತೆ ಹೆಜ್ಜೆ ಸದ್ದಾದ್ರೆ ಎದೆ ಹೊಡ್ಕೊಳ್ತದೆ. ನಾಲ್ಕು ತಿಂಗ್ಳಿಂದ ಮುಟ್ಟಾಗಿಲ್ಲ. ಹೇಳಿದ್ರೆ ಬಸ್ರಿ ಅಂತಾರೆ, ಅಲ್ಲ ಅಂತ ನಂಗೆ ಗೊತ್ತು. ಅದ್ಕೆ ಆದೋಳ ಹಂಗೆ ಸುಳ್ಳೇ ಮೂರು ದಿನ ಹೊರಗೆ ಕೂತು ಬತ್ತೀನಿ. ಯುಗಾದಿ ಒಳಗೆ ಬಸ್ರು ನಿಲ್ಲದಿದ್ರೆ ನನ್ನ ಕಳ್ಸಿ ಚೌಳಹಿರಿಯೂರಿಂದ ಇನ್ನೊಬ್ಳನ್ನ ತತ್ತಾರಂತೆ."

ದಸರೆಯ ಹೊತ್ತಿಗೆ ಹಿತ್ತಿಲ ಗೋಡೆಗೆ ಒರಗಿ ಹೇಮಶ್ರೀ ಪಕ್ಕದ ಮನೆಯ ಅಜ್ಜಿಗೆ ಹೇಳಿದ್ದಿದು. ಬುಕ್ಕಾಂಬುಧಿಯ ಹುಡುಗಿ. ಅಜ್ಜಂಪುರದ ವಿಮಲಮ್ಮನ ಮಗ ಹೊನ್ನೇಶನನ್ನು ಕಟ್ಟಿಕೊಂಡು ನಾಲ್ಕು ವರ್ಷ. ತವರಿನಲ್ಲಿ ಉಳಿದಿರುವುದು ಅಣ್ಣ ಅತ್ತಿಗೆ. ಅಲ್ಲಿ ಎರಡು ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ.

ದೀಪಾವಳಿ ಕಳೆದ ಮೇಲೆ ವಿಮಲಮ್ಮನಿಗೆ ಅನುಮಾನ ಬಂತು. ಆ ಸಲ ಹೊರಗೆ ಕೂತವಳು ಬಟ್ಟೆ ಒಗೆದದ್ದೇ ಕಾಣಲಿಲ್ಲ. ತಿಂಗಳು ತುಂಬಿದೆಯೆಂದು ತಾನೇ ಲೆಕ್ಕ ಹಾಕಿ, "ಕಳ್ಳಿ! ದೃಷ್ಟಿ ಆಗ್ತದೆ ಅಂತ ಮುಚ್ಚಿಟ್ಟಿದ್ಯೇನೇ?" ಎಂದು ನೆಟಿಕೆ ಮುರಿದಳು. ಹೇಮಶ್ರೀ ಅಲ್ಲವೆನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ತುಪ್ಪ ಕಲಸಿದ ಬಿಸಿ ಅನ್ನ ಬಿತ್ತು. ಅವಳು ನುಂಗಿದಳು.

ಆಮೇಲೆ ಹೇಳಲಾಗಲಿಲ್ಲ. ಮೂರು ಹೊತ್ತು ಊಟ, ಹಾಲು, ಮೊಟ್ಟೆ. ಬೈಗುಳವಿಲ್ಲ. ಮೂರು ತಿಂಗಳು ತುಂಬುವ ತನಕ ಯಾರಿಗೂ ತೋರಿಸಬಾರದು ಎಂಬುದು ಆ ಮನೆಯ ಪದ್ಧತಿ, ಹಾಗಾಗಿ ಆಸ್ಪತ್ರೆಯೂ ಇಲ್ಲ. ಕೆನ್ನೆ ತುಂಬಿತು. ಎರಡು ತಿಂಗಳು ಹೊಟ್ಟೆ ತುಂಬ ಉಂಡದ್ದಕ್ಕೆ, ನಿಂತಿದ್ದ ಮುಟ್ಟು ಒಂದು ಬೆಳಗ್ಗೆ ತಿರುಗಿ ಬಂತು.

"ನನ್ನ ಮೊಮ್ಮಗನ್ನ ತಿಂದ್ಕೊಂಡ್ಯಲ್ಲೇ, ರಾಕ್ಷಸಿ!" ಎಂದು ವಿಮಲಮ್ಮ ಅವಳನ್ನು ಕೂದಲು ಹಿಡಿದು ಹಿತ್ತಿಲಿಗೆ ಎಳೆದು ತಂದಳು.

ಹೊನ್ನೇಶ ತರೀಕೆರೆಗೆ ಕರೆದೊಯ್ದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಬಸುರಿರಲೇ ಇಲ್ಲವೆಂದರು. "ಹೊಟ್ಟೆಗಿಲ್ದೆ, ದಿನಾ ಹೆದ್ರಿಕೊಂಡಿದ್ರೆ ಮೈಯಲ್ಲಿ ಬೇರೆ ಹಾರ್ಮೋನು ಏರ್ತದಪ್ಪ. ತಲೆಯಿಂದ ಅಂಡಾಶಯಕ್ಕೆ ಹೋಗೋ ಅಪ್ಪಣೆ ನಿಂತ್ಹೋಗ್ತದೆ. ತನಗೇ ಅನ್ನ ಇಲ್ಲ, ಇನ್ನೊಂದು ಜೀವ ಯಾಕೆ ಅಂತ ಮೈ ಸುಮ್ನಾಗ್ತದೆ. ಈಗ ಮುಟ್ಟಾಗಿದಾಳಲ್ಲ, ಅದು ಒಳ್ಳೇ ಸುದ್ದಿ. ಹಿಂಗೇ ಊಟ ಹಾಕಿ, ಬೈಬೇಡಿ. ಆರು ತಿಂಗ್ಳು ಬಿಟ್ಟು ಬನ್ನಿ."

ಹೊನ್ನೇಶ ಅಷ್ಟನ್ನೂ ತಾಯಿಗೆ ಒಪ್ಪಿಸಿದ.

"ಹರಕೆ ಮುರ್ದಿದ್ಕೇ ಹಿಂಗಾಗಿದ್ದು," ಎಂದಳು ವಿಮಲಮ್ಮ. ಅಂದಿನಿಂದ ಮತ್ತೆ ಒಪ್ಪೊತ್ತು. ಮಜ್ಜಿಗೆಯೂ ಹೋಯಿತು.

ಅದೇ ತಿಂಗಳು ಮನೆಯ ಎಮ್ಮೆ ಬೆದೆಗೆ ಬರಲಿಲ್ಲವೆಂದು ದನದ ಡಾಕ್ಟರು ಬಂದಿದ್ದರು. ಪಕ್ಕೆಲುಬು ಮುಟ್ಟಿ ನೋಡಿ, "ಮೈಯಲ್ಲಿ ಏನೂ ಇಲ್ದೆ ಬೆದೆ ಎಲ್ಲಿಂದ ಬತ್ತದಮ್ಮ? ಹಿಂಡಿ, ಬೂಸ ಹಾಕಿ. ಹೊಡ್ದು ಬೆದರಿಸಬೇಡಿ," ಎಂದರು.

ಹೊನ್ನೇಶ ಮೆಲ್ಲಗೆ ಅಂದ: "ಅವ್ವ, ಆ ಡಾಕ್ಟ್ರಮ್ಮನೂ ಇದ್ನೇ ಅಂದಿದ್ದು."

"ಎಮ್ಮೆ ಹಾಲು ಕೊಡ್ತದೆ ಕಣೋ. ಇವ್ಳೇನು ಕೊಟ್ಟಳು?"

ಹೊನ್ನೇಶ ನಕ್ಕುಬಿಟ್ಟ. ಹೇಮಶ್ರೀ ಅಲ್ಲೇ ಸಗಣಿ ಬಾಚುತ್ತಿದ್ದಳು.

ಯುಗಾದಿಯ ಹೊತ್ತಿಗೆ ಎಮ್ಮೆ ಬೆದೆಗೆ ಬಂದಿತ್ತು. ಹೇಮಶ್ರೀಗೆ ಮುಟ್ಟು ಮತ್ತೆ ನಿಂತಿತ್ತು. ಈ ಸಲ ವಿಮಲಮ್ಮ ಮೋಸಹೋಗಲಿಲ್ಲ. ಹಬ್ಬದ ಮಾರನೆಯ ದಿನ ಚೌಳಹಿರಿಯೂರಿನವರು ಬಂದು, ಹೋಳಿಗೆ ಉಂಡು, ಹುಡುಗಿ ಕೊಡುವ ಮಾತಾಡಿ ಹೋದರು. ಬಡಿಸಿದವಳು ಹೇಮಶ್ರೀಯೇ. ಅವಳ ಬಟ್ಟೆ ಚೀಲ ಬಾಗಿಲ ಪಕ್ಕದಲ್ಲಿತ್ತು. ಬುಕ್ಕಾಂಬುಧಿಗೆ ಸಂಜೆ ಬಸ್ಸು.

"ಹೋಗೋ ಮುಂಚೆ ಎಮ್ಮೆಗಿಟ್ಟು ಹೋಗೇ," ಎಂದಳು ಒಳಗಿನಿಂದ ವಿಮಲಮ್ಮ.

ಹೇಮಶ್ರೀ ಎಲೆಗಳಲ್ಲಿ ಮಿಕ್ಕ ಹೋಳಿಗೆಯನ್ನೆಲ್ಲ ಬಕೆಟ್ಟಿಗೆ ಬಳಿದಳು. ನೆನೆಸಿದ ಹಿಂಡಿ ಹಾಕಿ, ಬೂಸ ಸುರಿದು, ಮೊಣಕೈವರೆಗೆ ಕೈ ಅದ್ದಿ, ಗಂಟಿಲ್ಲದ ಹಾಗೆ ಕಲಸಿ ಎಮ್ಮೆಯ ಮುಂದಿಟ್ಟಳು.