ಮೂರು ನಿಮಿಷದ ಅತ್ತೆ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಟೈಲರ್. ಬಟ್ಟೆಯ ವಿಷಯದಲ್ಲಿ ಅವಳಷ್ಟು ನಿಧಾನದ ಹೆಂಗಸನ್ನು ನಾನು ಕಂಡಿಲ್ಲ. ಬಂದ ಬಟ್ಟೆಗೆ ಅವತ್ತೇ ಕತ್ತರಿ ಹಾಕಿದವಳಲ್ಲ. ಅಳತೆ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದು ದಿನ ಗೋಡೆಯ ಮೊಳೆಗೆ ನೇತುಹಾಕಿ, ಮರುದಿನ ಇನ್ನೊಂದು ಸಲ ನೋಡಿ ಆಮೇಲೆ ಕತ್ತರಿಸುತ್ತಾಳೆ. ಗಿರಾಕಿಗಳು ಅಂಗಲಾಚಿದರೂ ಅಷ್ಟೆ, ರೇಗಿದರೂ ಅಷ್ಟೆ.

ಅದೇ ಕೈ ಚೆಸ್ ಬೋರ್ಡಿನ ಮುಂದೆ ಬಂದರೆ ಬೆನ್ನಟ್ಟಿಸಿಕೊಂಡ ಹಾಗೆ ಓಡುತ್ತದೆ. ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ಒಂದು ಆಟ ಮುಗಿಯಬೇಕು. ಎದುರಾಳಿ ಅಂಗಡಿಯ ಇಸ್ತ್ರಿಯವನೇ. ಕತ್ತರಿಸುವ ಮೇಜಿನ ಮೂಲೆಯಲ್ಲಿ ಬೋರ್ಡು, ಪಕ್ಕದಲ್ಲಿ ಎರಡು ಮುಖದ ಗಡಿಯಾರ; ನಡೆ ಆಡಿ ಅದನ್ನು ಕುಟ್ಟಿದರೆ ಎದುರಿನವರ ಸಮಯ ಓಡತೊಡಗುತ್ತದೆ. ಒಬ್ಬೊಬ್ಬರಿಗೆ ಮೂರು ನಿಮಿಷ; ಯಾರದು ಮೊದಲು ಮುಗಿಯುತ್ತದೋ ಅವರು ಸೋತರು. ದಿನಕ್ಕೆ ಏನಿಲ್ಲವೆಂದರೂ ಹದಿನೈದು ಆಟ ಆಗುತ್ತಿತ್ತು. ಬೀದಿಯವರೆಲ್ಲ ಅವಳನ್ನು ಮೂರು ನಿಮಿಷದ ಅಕ್ಕ ಅಂತಲೇ ಕರೆಯುತ್ತಿದ್ದರು. ನಾನು ಅಕ್ಕ ಎನ್ನುವ ಜಾಗದಲ್ಲಿ ಅತ್ತೆ ಸೇರಿಸಿಕೊಂಡೆ.

ಅವಳಿಗೆ ಚೆಸ್ ಕಲಿಸಿದವರು ಲೆಕ್ಕದ ಮೇಷ್ಟ್ರು. ನಿವೃತ್ತರು, ವಯಸ್ಸು ಎಪ್ಪತ್ತಾರು. ಅಂಚೆ ಕಚೇರಿಯ ಮಹಡಿಯಲ್ಲಿ ಒಂದು ಚೆಸ್ ಕ್ಲಬ್ ಇದೆ. ಬೇರೆ ಊರಿನವರ ಜೊತೆ ಆಡುವ ಅದರ ತಂಡದಲ್ಲಿ ನಾಲ್ಕೇ ಜನ, ನಾಲ್ಕನೇ ಕುರ್ಚಿ ಮೇಷ್ಟ್ರದು. ಆ ಕುರ್ಚಿಗೆ ವರ್ಷಕ್ಕೊಮ್ಮೆ ಯಾರು ಬೇಕಾದರೂ ಸವಾಲು ಹಾಕಬಹುದು. ತಲಾ ಒಂದೂವರೆ ಗಂಟೆಯ ಒಂದೇ ಆಟ, ಗೆದ್ದವರಿಗೆ ಕುರ್ಚಿ. ಅತ್ತೆ ಆರು ವರ್ಷ ಸವಾಲು ಹಾಕಿದಳು, ಆರು ವರ್ಷವೂ ಸೋತು ಬಂದಳು. ಆ ಕುರ್ಚಿಯ ಮೇಲೆ ಅವಳಿಗೆ ಎಷ್ಟು ಆಸೆ ಇತ್ತೆಂದರೆ, ತಂಡ ಪಕ್ಕದೂರಿಗೆ ಹೊರಟ ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಕೂರುತ್ತಿದ್ದಳು. ನಾವ್ಯಾರೂ ಅವತ್ತು ಆ ಕಡೆ ಸುಳಿಯುತ್ತಿರಲಿಲ್ಲ.

ಸೋಲುವುದೂ ಪ್ರತಿಸಲ ಒಂದೇ ರೀತಿ. ಎದುರಿನವರು ಏನು ಆಡುತ್ತಾರೆ ಅಂತ ಇವಳೇ ಊಹಿಸಿಕೊಂಡು, ಅದಕ್ಕೆ ಉತ್ತರವನ್ನು ಬೆರಳ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡಿರುತ್ತಾಳೆ. ಅವರು ಬೇರೇನೋ ಆಡಿರುತ್ತಾರೆ. ಅವರು ಆಡದೇ ಇದ್ದ ನಡೆಗೆ ಇವಳು ಉತ್ತರ ಕೊಟ್ಟು ಗಡಿಯಾರ ಕುಟ್ಟಿಬಿಟ್ಟಿರುತ್ತಾಳೆ. ಅಂಗಡಿಯಲ್ಲಿ ಇದು ನಡೆದುಹೋಗುತ್ತಿತ್ತು, ಯಾಕೆಂದರೆ ಇಸ್ತ್ರಿಯವನಿಗೂ ಅದೇ ಕಾಯಿಲೆ.

ಆರನೇ ಸಲ ಸೋತಾಗ ಮೇಷ್ಟ್ರು ಕಾಯಿಗಳನ್ನು ಡಬ್ಬಿಗೆ ತುಂಬುತ್ತಾ ಹೇಳಿದರು:

“ಮೂರು ನಿಮಿಷದ ಆಟ ನಿನ್ನ ಕೈ ಕೆಡಿಸಿಬಿಟ್ಟಿದೆ ಕಣಮ್ಮ. ಇನ್ನೊಂದು ವರ್ಷ ಅದನ್ನ ಮುಟ್ಟಬೇಡ. ಆಮೇಲೆ ಬಾ.”

ಅತ್ತೆ ಮುಟ್ಟಲಿಲ್ಲ. ಗಡಿಯಾರ ಗುಂಡಿಗಳ ಡ್ರಾಯರ್ ಸೇರಿತು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ದಪ್ಪ ಪುಸ್ತಕ ಮುಂದಿಟ್ಟುಕೊಂಡು ಹಳೇ ಆಟಗಳನ್ನು ಒಂದೊಂದೇ ನಡೆಯಾಗಿ ಆಡಿ ನೋಡುತ್ತಿದ್ದಳು. ಅವಳಿಗೆ ಕೈ ತುರಿಸುತ್ತಿತ್ತು, ಸಿಡುಕು ಹೆಚ್ಚಿತು. ಇಸ್ತ್ರಿಯವನು ಹೊತ್ತು ಹೋಗದೆ ಕರವಸ್ತ್ರಗಳಿಗೂ ಎರಡೆರಡು ಸಲ ಇಸ್ತ್ರಿ ಹಾಕಿದ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಅಕ್ಕನಿಗೆ ಸ್ವಲ್ಪ ಬುದ್ಧಿ ಹೇಳಿ ಅಂತ ಗೋಗರೆದ. ನಮ್ಮತ್ತೆಗೆ ಬುದ್ಧಿ ಹೇಳುವಷ್ಟು ಧೈರ್ಯ ನನಗಿಲ್ಲ.

ಏಳನೇ ಸವಾಲಿನ ದಿನ ನಾನೂ ಜೊತೆಗೆ ಹೋದೆ. ಅತ್ತೆ ಯೋಚಿಸಿದಳು. ಅಯ್ಯೋ, ಅದೇನು ಯೋಚನೆ! ಒಂದು ವರ್ಷದಲ್ಲಿ ಅವಳಿಗೆ ಪ್ರತಿ ನಡೆಯ ಹಿಂದೆಯೂ ಹೊಂಚು ಕಾಣತೊಡಗಿತ್ತು. ಹನ್ನೆರಡನೇ ನಡೆಯೊಂದಕ್ಕೇ ಇಪ್ಪತ್ತಾರು ನಿಮಿಷ ಸುರಿದಳು. ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಇಪ್ಪತ್ತನಾಲ್ಕನೇ ನಡೆಗೆ ಬರುವಷ್ಟರಲ್ಲಿ ಎರಡೂ ಕಡೆ ಕಾಯಿಗಳು ಸರಿಸಮ. ಆದರೆ ಮೇಷ್ಟ್ರ ಹತ್ತಿರ ನಲವತ್ತೊಂದು ನಿಮಿಷ, ಇವಳ ಹತ್ತಿರ ನಾಲ್ಕು. ಅಷ್ಟರಲ್ಲೇ ಉಳಿದ ಆಟವನ್ನೆಲ್ಲ ಮುಗಿಸಬೇಕು. ಏಳನೇ ವರ್ಷವೂ ಹೋಯಿತು ಅಂದುಕೊಂಡೆ. ಮೇಷ್ಟ್ರ ಮೇಲೂ ಅವರ ಉಪದೇಶದ ಮೇಲೂ ನನಗೆ ಕೆಟ್ಟ ಕೋಪ ಬಂತು.

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆಮೇಲೆ ನೋಡಬೇಕಿತ್ತು ಅವಳ ಕೈಯನ್ನು. ಕಾಯಿ ಎತ್ತಿದ್ದು ಕಂಡರೆ ಇಟ್ಟಿದ್ದು ಕಾಣುತ್ತಿರಲಿಲ್ಲ. ಟಕ್, ಗಡಿಯಾರ, ಟಕ್, ಗಡಿಯಾರ. ಆದರೆ ಈ ಸಲ ಅವಳ ಕಣ್ಣು ಬೋರ್ಡು ಬಿಟ್ಟು ಕದಲಲಿಲ್ಲ; ಮೇಷ್ಟ್ರು ಕಾಯಿ ಇಟ್ಟಮೇಲೇ ಇವಳ ಕೈ ಏಳುತ್ತಿತ್ತು. ಮೇಷ್ಟ್ರು ಬೇಕಿದ್ದರೆ ಒಂದೊಂದು ನಡೆಗೆ ಐದೈದು ನಿಮಿಷ ಕೂರಬಹುದಿತ್ತು. ಕೂರಲಿಲ್ಲ. ಇವಳಿಗೆ ಉಸಿರಾಡಲು ಬಿಡಬಾರದು ಅಂತಲೋ ಏನೋ, ಅವರೂ ಟಕ್ ಟಕ್ ಶುರುಮಾಡಿದರು. ಹಾಗೆ ಶುರುವಾದಮೇಲೆ ಐದನೆಯದೋ ಆರನೆಯದೋ ನಡೆ ಇರಬೇಕು. ಅತ್ತೆ ತಮ್ಮ ಕುದುರೆಯನ್ನು ಹೊಡೆದೇ ಹೊಡೆಯುತ್ತಾಳೆ ಅಂತ ಅವರು ಲೆಕ್ಕ ಹಾಕಿಟ್ಟಿದ್ದರು. ಅವಳು ಹೊಡೆಯದೆ ಒಂಟೆಯನ್ನು ಒಂದು ಮನೆ ಹಿಂದಕ್ಕೆ ಸರಿಸಿದಳು. ಮೇಷ್ಟ್ರು ಅದನ್ನು ನೋಡದೆ, ಮೊದಲೇ ಅಂದುಕೊಂಡಿದ್ದ ಹಾಗೆ ಆನೆಯನ್ನು ಮುಂದಿಟ್ಟು ಗಡಿಯಾರ ಕುಟ್ಟಿದರು. ಆನೆ ನೇರ ಆ ಒಂಟೆಯ ಬಾಯಿಗೇ ಬಂದಿತ್ತು.

ಅತ್ತೆ ಆನೆಯನ್ನು ಎತ್ತಿಕೊಂಡಳು. ಮೇಷ್ಟ್ರು ಬಹಳ ಹೊತ್ತು ಬೋರ್ಡು ನೋಡಿದರು, ಆಮೇಲೆ ಸೋಲೊಪ್ಪಿ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು.

“ನನ್ನ ಹತ್ರ ಇನ್ನೂ ಮೂವತ್ತೆಂಟು ನಿಮಿಷ ಇತ್ತಲ್ಲಮ್ಮ,” ಅಂದರು.

“ನೀವು ನನ್ನ ಗಡಿಯಾರ ನೋಡ್ತಾ ಇದ್ರಿ ಮೇಷ್ಟ್ರೆ.”

ಗೆದ್ದಾಗ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಮೆಟ್ಟಿಲು ಇಳಿಯುವಾಗ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವರ ಕುರ್ಚಿ ಕಿತ್ತುಕೊಂಡೆನಲ್ಲ ಅಂತ ಸಂಕಟ, ಕುರ್ಚಿ ಸಿಕ್ಕಿತಲ್ಲ ಅಂತ ಖುಷಿ, ಎರಡೂ ಒಟ್ಟಿಗೇ ಬಂದಿದ್ದವು ಅವಳಿಗೆ.

ಸೋಮವಾರ ಅಂಗಡಿ ತೆರೆಯುವ ಹೊತ್ತಿಗೆ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಹೊಲಿಸಲು ಬಟ್ಟೆ ಏನೂ ತಂದಿರಲಿಲ್ಲ. ಮುಂದಿನ ವರ್ಷ ತಾವೇ ಸವಾಲು ಹಾಕುವುದಾಗಿ ಹೇಳಿ, ಸ್ಟೂಲು ಎಳೆದುಕೊಂಡು ಕೂತರು.

“ಅಲ್ಲೀವರೆಗೂ ಈ ಹಾಳು ಆಟ ನನಗೂ ಸ್ವಲ್ಪ ಕಲಿಸು.”

ಇಸ್ತ್ರಿಯವನು ಅತ್ತೆಯ ಅಪ್ಪಣೆಗೂ ಕಾಯದೆ ಡ್ರಾಯರ್ ತೆಗೆದ. ಅವತ್ತು ಮೇಷ್ಟ್ರು ಒಂಬತ್ತು ಆಟ ಸೋತರು, ಮರುದಿನ ಹನ್ನೊಂದು. ಎರಡು ತಿಂಗಳು ಬಿಡದೆ ಬಂದು, ಬಿಡದೆ ಸೋತು, ನಗುತ್ತಾ ಮನೆಗೆ ಹೋಗುತ್ತಿದ್ದರು. ಮೊನ್ನೆ ಶುಕ್ರವಾರ ಒಂದು ಗೆದ್ದರು. ಅವತ್ತು ಅತ್ತೆಗೆ ಮಧ್ಯಾಹ್ನದ ಊಟ ಸೇರಲಿಲ್ಲ.