ಮುಚ್ಚಳದಕ್ಕ ಕೋಣೆಗೆ ತಗಡು ಹೊಡೆದದ್ದು

ಕಾರ್ಖಾನೆ ಅವಳಿಗೆ ಎರಡು ಕಿವಿ ಬಾಕಿ ಇಟ್ಟುಕೊಂಡಿದೆ. ಸಂಬಳವಲ್ಲ, ಬೋನಸ್ಸಲ್ಲ, ಕಿವಿ. ಬಲಗಡೆಯದೊಂದು, ಎಡಗಡೆಯದೊಂದು. ಕೆಲಸಕ್ಕೆ ಸೇರಿದ ದಿನ ಎರಡನ್ನೂ ಹೊತ್ತುಕೊಂಡೇ ಗೇಟಿನೊಳಗೆ ಹೋಗಿದ್ದಳು. ಈಗ ಸಂಜೆ ಹೊರಗೆ ಬರುವಾಗ ಅವಳ ಜೊತೆ ಬರುವುದು ಓಲೆ ತೂಗುಹಾಕುವ ಹಾಲೆ ಎರಡು ಮಾತ್ರ.

ಡಬ್ಬಿಗಳಿಗೆ ಮುಚ್ಚಳ ಹೊಡೆಯುವ ಪ್ರೆಸ್ಸಿನ ಮೇಲೆ ಅವಳ ಕೆಲಸ. ತಗಡು ತಳ್ಳಬೇಕು, ಪೆಡಲ್ ತುಳಿಯಬೇಕು, ಮೇಲಿನಿಂದ ಕಬ್ಬಿಣ ಬಂದು ಧಡಾರ್ ಅಂತ ಬೀಳುತ್ತದೆ, ಅಂಗೈಯಗಲದ ಮುಚ್ಚಳವೊಂದು ಬುಟ್ಟಿಗೆ ಉದುರುತ್ತದೆ. ಉಳಿದ ತಗಡಿನ ಮೈತುಂಬ ತೂತು. ಅಂಥ ಪ್ರೆಸ್ಸುಗಳು ಆ ಹಾಲಿನಲ್ಲಿ ಎರಡು ಸಾಲು. ವರ್ಷಗಟ್ಟಲೆ ಅದರ ಮುಂದೆ ಕೂತದ್ದಕ್ಕೆ ಊರೆಲ್ಲ ಅವಳನ್ನು ಮುಚ್ಚಳದಕ್ಕ ಅನ್ನುತ್ತದೆ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಾರೆ.

ಆ ಹಾಲಿನಲ್ಲಿ ಯಾರೂ ಕೂಗುವುದಿಲ್ಲ. ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಹೆಂಗಸರು ದನಿಯಿಲ್ಲದೆ ತುಟಿ ಮಾತ್ರ ಆಡಿಸುತ್ತಾರೆ, ಎದುರಿನವಳು ಓದಿಕೊಳ್ಳುತ್ತಾಳೆ. ಸೂಪರ್‌ವೈಸರ್ ಎದುರಿಗೆ ನಿಂತಿರುವಾಗಲೇ ಅವನ ಮೂರು ತಲೆಮಾರು ಜಾಲಾಡಿಬಿಡುತ್ತಾರೆ. ಅವನು, ಪಾಪ, ಹಾಡು ಗುನುಗುತ್ತಿದ್ದಾರೆ ಅಂದುಕೊಳ್ಳುತ್ತಾನೆ.

ಅವಳನ್ನು ಕೆಡಿಸಿದ್ದೂ ಆ ವಿದ್ಯೆಯೇ. ಕಿವಿಗೆ ಪರಿಹಾರ ಕೊಡಿ ಅಂತ ಕಾರ್ಮಿಕ ಸಂಘದವರು ಗಲಾಟೆ ಮಾಡಿದ ಮೇಲೆ ಕಂಪನಿ ಡಾಕ್ಟರು ಕಿವಿ ಪರೀಕ್ಷೆಗೆ ಬಂದ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು, ಮೆಲ್ಲಗೆ "ಬೋನಸ್" ಅಂದ. ಸರದಿಗೆ ಕಾಯುತ್ತ ಎದುರಿನ ಬೆಂಚಿನಲ್ಲಿ ಕೂತಿದ್ದ ಹೆಂಗಸರ ತುಟಿಗಳೆಲ್ಲ ಒಟ್ಟಿಗೆ "ಬೋನಸ್ಸಾ?" ಅಂದವು. ಇವಳು ಅದನ್ನು ಓದಿ, ಅಭ್ಯಾಸಬಲದಿಂದ ಗಿರ್ರನೆ ಹಿಂದೆ ತಿರುಗಿದಳು. ಡಾಕ್ಟರು ನಕ್ಕು, ಕಿವಿ ಸರಿಯಾಗಿದೆ ಅಂತ ಬರೆದ. ಸಂಘ ಹಾಕಿದ ಕೇಸು ಅವತ್ತು ಕೂತದ್ದು, ಮಂಡಿ ಹಿಡಿದುಕೊಂಡ ಎಮ್ಮೆಯ ಹಾಗೆ ಇನ್ನೂ ಎದ್ದಿಲ್ಲ.

ಇಷ್ಟಾದರೂ ಅವಳು ಅತ್ತವಳಲ್ಲ. ಲೋಕದ ಬಾಯಿ ಕಣ್ಣಿಗೆ ಕಾಣುವಷ್ಟು ದಿನ ಕಿವಿಯ ಹಂಗೇನು ಅಂತ ಓಡಾಡಿಕೊಂಡಿದ್ದಳು. ಆಮೇಲೆ ಅವಳ ತಾಯಿಗೆ ಲಕ್ವ ಹೊಡೆಯಿತು.

ಮುದುಕಿ ಅದುವರೆಗೆ ಮಗನ ಮನೆಯಲ್ಲಿದ್ದವಳು. ಮಗ ಲಾರಿ ಡ್ರೈವರು, ಮನೆಗಿಂತ ಹೆಚ್ಚು ದಾರಿಯಲ್ಲೇ ಇರುವವನು. ಮನೆಗೆ ಬೀಗ, ಲಾರಿಗೆ ಚಕ್ರ, ಮುದುಕಿ ಮಗಳ ಪಾಲಿಗೆ. ಮಗಳದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮುಂದಿನದರಲ್ಲಿ ಒಲೆ, ಹಿಂದಿನದರಲ್ಲಿ ಮಂಚ. ಮಂಚ ತಾಯಿಗೆ ಹೋಯಿತು, ಗಂಡ ಹೆಂಡತಿ ಒಲೆಯ ಪಕ್ಕ ಚಾಪೆಗೆ ಬಂದರು. ಮುದುಕಿಯ ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ದನಿ ಗಾಳಿಯಷ್ಟು ತೆಳು. ಜಗತ್ತಿನಲ್ಲಿ ಮುಚ್ಚಳದಕ್ಕನಿಗೆ ಓದಲು ಬಾರದ ಬಾಯಿ ಒಂದೇ ಒಂದಿತ್ತು, ಅದು ಹೆತ್ತವಳದು.

ಆ ಬಾಯಿಂದ ಒಂದು ಒಳ್ಳೆಯ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಶಾಲೆ ಬಿಡಿಸಿ ಪ್ರೆಸ್ಸಿಗೆ ಕಳಿಸಿದವಳು ಅದೇ ತಾಯಿ. ಪ್ರೆಸ್ಸಿನ ಸಂಬಳದಲ್ಲಿ ಮಗನಿಗೆ ಲಾರಿ ಕಲಿಸಿದವಳೂ ಅವಳೇ. ಈಗ ಮಗಳು ಮೈ ಒರೆಸುವಾಗ, ಮಗ್ಗುಲು ಬದಲಿಸುವಾಗ, ಹಾಸಿಗೆ ಬಳಿಯುವಾಗ, ಮುದುಕಿಯ ತುಟಿ ಒಂದೇ ಸಮನೆ ಅಲ್ಲಾಡುತ್ತಿತ್ತು. ಏನೋ ಹೇಳುತ್ತಿದ್ದಾಳೆ, ಹೋಗುವ ಮುಂಚೆ ನನಗೆ ಏನೋ ಹೇಳುತ್ತಿದ್ದಾಳೆ ಅಂತ ಮುಚ್ಚಳದಕ್ಕನಿಗೆ ಅನ್ನಿಸಿತು. ಆ ಅನ್ನಿಸಿಕೆ ಹೊಟ್ಟೆಗೆ ಇಳಿದು ಗೂಟ ಹೊಡೆದು ಕೂತಿತು.

ಕಿವಿಯ ಮಷೀನು ತಂದಳು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ ಎದೆಯ ಮೇಲೆ, ಅದರಿಂದ ಉದ್ದನೆಯ ವೈರು ಕಿವಿಗೆ. ಒಲೆಯ ಹತ್ತಿರ ಹಾಕಿಕೊಂಡರೆ ಒಗ್ಗರಣೆ ಸಿಡಿಯುವುದೂ ಕೇಳಿತು. ತಾಯಿಯ ಮಂಚದ ಹತ್ತಿರ ಹೋದಳೋ, ಡಬ್ಬಿಯೊಳಗೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗೊರ್ರ್ ಗೊರ್ರ್ ಗೊರ್ರ್. ತಾಯಿಯ ದನಿ ಅದರೊಳಗೆ ಮುಳುಗಿಯೇ ಹೋಯಿತು.

ಕಿಟಕಿ ತೆಗೆದರೆ ಎದುರಿಗೇ ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರು, ಮೈತುಂಬ ಬಿಳಿ ಹಲಗೆ ಕಟ್ಟಿಕೊಂಡು ನಿಂತಿತ್ತು.

"ಅದರದೇ ಕಿತಾಪತಿ," ಅಂದ ಗಂಡ. ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ಮೂಟೆ ಹೊರುವವನು, ಬೆನ್ನು ಬಗ್ಗಿದಷ್ಟೂ ನಾಲಿಗೆ ನೆಟ್ಟಗಾದವನು. "ಊರಿನ ಮಾತೆಲ್ಲ ಅಲ್ಲಿಂದಲೇ ಹೋಗೋದು. ನಿನ್ನ ಡಬ್ಬಿ ದಾರಿಗೆ ಅಡ್ಡ ಕೂತಿದೆ, ಅಷ್ಟೇ."

ತಡೆಯುವುದು ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾರ್ಖಾನೆಯ ವಾಚ್‌ಮನ್ ಕೈಯಲ್ಲಿ ರೇಡಿಯೋ ಹಿಡಿದು ತಿರುಗುವವನು. ತಗಡಿನ ಗೋದಾಮಿನೊಳಗೆ ಕಾಲಿಟ್ಟರೆ ಅದು ಸತ್ತುಹೋಗುತ್ತದೆ ಅಂತ ದಿನಾ ಗೊಣಗುವುದನ್ನು ಅವಳು ಅವನ ತುಟಿಯ ಮೇಲೆ ಎಷ್ಟೋ ಸಲ ಓದಿದ್ದಳು. ರೇಡಿಯೋ ಸಾಯುವುದಾದರೆ ಗೊರ್ರ್ ಅನ್ನುವುದೂ ಸಾಯಲಿ. ಮುಚ್ಚಳ ಹೊಡೆದು ಉಳಿದ ತೂತು ತಗಡನ್ನು ಕಾರ್ಖಾನೆ ಗುಜರಿಗೆ ತೂಕದ ಮೇಲೆ ಹಾಕುತ್ತದೆ. ಅದನ್ನೇ ಕೇಳಿದಳು. ಕೊಟ್ಟರು, ಸಂಬಳದಲ್ಲಿ ಹಿಡಿದುಕೊಂಡರು. ಕಿವಿ ಕೊಡುವಾಗ ಕಾನೂನು ಹುಡುಕುವ ಆಫೀಸು, ಗುಜರಿಯ ದುಡ್ಡು ಹಿಡಿಯುವಾಗ ಕ್ಯಾಲ್ಕುಲೇಟರನ್ನೂ ಹುಡುಕಲಿಲ್ಲ.

ಗೋಡೆ ನಾಲ್ಕಕ್ಕೂ, ಮಾಡಿಗೂ, ಕಿಟಕಿಗೂ, ಬಾಗಿಲಿನ ಒಳಮೈಗೂ ತಗಡು ಹೊಡೆದಳು. ಮಂಚದ ಕೆಳಗೂ ಹಾಸಿದಳು. ಮುದುಕಿ ಒಂದೇ ಕಣ್ಣು ದೊಡ್ಡದು ಮಾಡಿಕೊಂಡು ನೋಡಿದಳು. ಮನೆ ಓನರಮ್ಮ ಬಂದು ಮೊಳೆಯೊಂದಕ್ಕೆ ಒಂದು ಮಾತಿನಂತೆ ಬೈದು ಹೋದಳು. ಗಂಡ ಬಾಗಿಲಲ್ಲಿ ನಿಂತು, ಹೆಂಡತಿಗೆ ಓದಲು ಅನುಕೂಲವಾಗಲಿ ಅಂತ ಬಾಯಿ ಅಗಲಿಸಿ ಹೇಳಿದ:

"ಅಮ್ಮನ್ನ ಡಬ್ಬಿಗೆ ಹಾಕಿ ಮುಚ್ಚಳ ಹೊಡೀತಿದ್ದೀಯಲ್ಲ, ಒಂದು ಹಿಡಿ ಉಪ್ಪೂ ಹಾಕು. ಕೆಡಲ್ಲ."

ಮಷೀನು ಹಾಕಿಕೊಂಡು ಒಳಗೆ ಹೋದಳು. ಗೊರ್ರ್ ಮೊದಲಿಗಿಂತ ಎರಡು ಪಾಲು ಜಾಸ್ತಿಯಾಗಿತ್ತು. ಕಿವಿಗೆ ಬರೆ ಎಳೆದ ಹಾಗಾಗಿ ವೈರು ಕಿತ್ತು ಹೊರಗೆ ಓಡಿಬಂದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವಳು ತೂತುಗಳನ್ನು ನೋಡಿದಳು. ತೂತು ಇದ್ದರೆ ಏನು ಮಾಡಬೇಕು ಅನ್ನುವುದನ್ನು ಜೀವಮಾನವಿಡೀ ಮಾಡಿದವಳು. ಅಂಚು ಸೊಟ್ಟಾಗಿ ಹೊರಗೆ ಬಿಸಾಕಿದ ಮುಚ್ಚಳಗಳನ್ನು ಗೋಣಿಯಲ್ಲಿ ತುಂಬಿ ತಂದು, ಒಂದೊಂದು ತೂತಿಗೂ ಒಂದೊಂದು ಮುಚ್ಚಳ ಒತ್ತಿ, ಅಂಚಿಗೆ ತಗಡಿನ ಟೇಪು ಸುತ್ತಿದಳು. ಭಾನುವಾರಗಳೆಲ್ಲ ಅದಕ್ಕೇ ಹೋದವು. ಬೆರಳ ತುದಿ ಹರಿದು, ಅನ್ನ ಕಲಸಿದರೆ ಉರಿಯುತ್ತಿತ್ತು. ಕೊನೆಯ ಮುಚ್ಚಳ ಕಿಟಕಿಯ ಮೂಲೆಯದು. ಅದನ್ನು ಒತ್ತಿ, ಬಾಗಿಲು ಎಳೆದುಕೊಂಡು, ಮಷೀನಿನ ಗುಂಡಿ ತಿರುಗಿಸಿದಳು.

ನಿಶ್ಶಬ್ದ.

ಮಂಚ ಕಿರುಗುಟ್ಟಿತು, ಕೇಳಿತು. ಅವಳದೇ ಬಳೆ ಸದ್ದು ಮಾಡಿತು, ಕೇಳಿತು. ಬಳೆಗೆ ಸದ್ದಿದೆ ಅನ್ನುವುದೇ ಮರೆತುಹೋಗಿತ್ತು. ಅವಳು ಮಂಚದ ಅಂಚಿಗೆ ಕೂತು, ಡಬ್ಬಿಯನ್ನು ಎದೆಯಿಂದ ಎತ್ತಿ ತಾಯಿಯ ಬಾಯಿಯ ಹತ್ತಿರ ಹಿಡಿದಳು. ಸೊಟ್ಟ ತುಟಿ ಅಲ್ಲಾಡಿತು.

"ಹಲೋ," ಅಂದಳು ಮುದುಕಿ. "ಹಲೋ... ಮಗಾ... ಹಲೋ..."

ಮುದುಕಿಯ ಸರಿಯಿದ್ದ ಎಡಗೈಯಲ್ಲಿ ಫೋನಿತ್ತು. ಯಾವಾಗಲೂ ದಿಂಬಿನಡಿ ಇರುತ್ತಿದ್ದ, ಗುಂಡಿ ಒತ್ತುವ ಹಳೇ ಫೋನು. ಮಗ ಲಾರಿ ನಿಲ್ಲಿಸಿದಲ್ಲಿಂದೆಲ್ಲ ಅದಕ್ಕೆ ಮಾಡುತ್ತಿದ್ದ. ದಿಂಬಿಗೆ ಕಿವಿಯಿಟ್ಟು ಮಲಗಿ ಮುದುಕಿ ಅವನ ಜೊತೆ ಮಾತಾಡುತ್ತಿದ್ದಳು, ಇಷ್ಟು ದಿನ ಅಲ್ಲಾಡುತ್ತಿದ್ದ ತುಟಿ ಅದು. ಈಗ ಫೋನಿನೊಳಗೆ ಯಾರೂ ಇರಲಿಲ್ಲ.

"ಅಮ್ಮಾ!" ಮುಚ್ಚಳದಕ್ಕ ಅದೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕೂಗಿದಳು. "ನಿನ್ನ ಮಾತು ಕೇಳ್ತಿದೆ ಕಣಮ್ಮಾ! ನನಗೆ ಕೇಳ್ತಿದೆ!"

ಮುದುಕಿ ಒಳ್ಳೆಯ ಕಣ್ಣನ್ನು ಅವಳ ಕಡೆ ತಿರುಗಿಸಿದಳು. ಮಾತು ತೊದಲುತ್ತಿತ್ತು, ಆದರೆ ಒಂದಕ್ಷರವೂ ತಪ್ಪಲಿಲ್ಲ.

"ನಿನಗೆ ಕೇಳಿ ಏನಾಗಬೇಕಾಗಿದೆ, ಮುಂಡೇದೇ? ನನ್ನ ಮಗ ಬರ್ತಾ ಇಲ್ಲ. ಕೀಳು ಇದನ್ನೆಲ್ಲ."

ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ಇನ್ನೊಂದು ಸಲ ಹೇಳು ಅನ್ನುವ ಹಾಗೂ ಇರಲಿಲ್ಲ.

ಅವಳು ಫೋನು ಕಿತ್ತುಕೊಂಡು ಮೆಟ್ಟಿಲ ಹತ್ತಿರ ಹೋದಳು. ಅಲ್ಲಿ ಟವರು ಕಾಣುವುದೂ ಇಲ್ಲ, ನಡುವೆ ಎರಡು ಗೋಡೆ. ಫೋನಿಗೆ ಜೀವ ಬಂತು, ಕೂಡಲೇ ಎದೆಯ ಡಬ್ಬಿಯಲ್ಲಿ ಗೊರ್ರ್ ಶುರುವಾಯಿತು. ಕೈ ಚಾಚಿ ಫೋನನ್ನು ದೂರ ಹಿಡಿದಳು, ಇಳಿಯಿತು. ಹತ್ತಿರ ತಂದಳು, ಏರಿತು. ಅವಳಿಗೆ ಅರ್ಥವಾಯಿತು. ಕಿತಾಪತಿ ಟವರಿನದಲ್ಲ, ಮುದುಕಿಯ ದಿಂಬಿನಡಿಯದು. ತೂತು ತಗಡು ಹೊಡೆದಾಗ, ಅರ್ಧ ಉಸಿರುಕಟ್ಟಿದವನ ಹಾಗೆ, ಆ ಫೋನು ಟವರನ್ನು ಮುಟ್ಟಲು ಇನ್ನೂ ಜೋರಾಗಿ ಅರಚಿಕೊಂಡಿತ್ತು. ತೂತು ಮುಚ್ಚಿದ ಮೇಲೆ ಕೈಚೆಲ್ಲಿ ಸುಮ್ಮನಾಗಿತ್ತು.

ಅಷ್ಟರಲ್ಲಿ ಫೋನು ನಡುಗಿತು, ಲಾರಿಯಿಂದ ತಮ್ಮ. ಹಿಂದೆಯೇ ಬಂದಿದ್ದ ಗಂಡ ಅದನ್ನು ಕಿವಿಗಿಟ್ಟು ಕೇಳಿ, ಬಾಯಗಲಿಸಿ ಒಪ್ಪಿಸಿದ: "ಅಮ್ಮ ಸತ್ತಳೇನೋ, ಅಕ್ಕ ಮುಚ್ಚಿಡ್ತಿದ್ದಾಳೇನೋ ಅಂದ್ಕೊಂಡಿದ್ದನಂತೆ."

"ಮುಚ್ಚಿಟ್ಟಿರೋದು ನಿಜ ಅನ್ನಿ," ಅಂದಳು ಅವಳು.

ತಗಡು ಕಿತ್ತರೂ, ಅಮ್ಮನ ಜೊತೆ ತಾನು ಮಾತಾಡುವಷ್ಟು ಹೊತ್ತು ಫೋನು ಆಫ್ ಮಾಡಿದರಾಯಿತು ಅಂತ ಒಂದು ಸಲ ಮಾಡಿಯೂ ನೋಡಿದಳು. ಫೋನಿನ ದೀಪ ಆರಿತು, ಮುದುಕಿಯ ಬಾಯೂ ಮುಚ್ಚಿತು. ಗಂಜಿಯ ಚಮಚಕ್ಕೂ ಹಲ್ಲು ಸಡಿಲಿಸಲಿಲ್ಲ. ಆ ಕ್ಷಣದಲ್ಲೇ ಮಗ ಫೋನು ಮಾಡಿಬಿಟ್ಟರೆ ಅನ್ನುವ ಹೆದರಿಕೆ ಮುದುಕಿಯದು.

ಮಷೀನಿನ ಅಂಗಡಿಯವನನ್ನು ಕೇಳಿದಳು. "ಒಳ್ಳೇ ಮಷೀನಾದ್ರೆ ಫೋನು ಪಕ್ಕದಲ್ಲಿದ್ರೂ ಗೊರ್ರ್ ಅನ್ನಲ್ಲ ಅಕ್ಕ," ಅಂದ. "ಆದ್ರೆ ಬೆಲೆ ಕೇಳಿದ್ರೆ ಉಳಿದಿರೋದೂ ಕಿವುಡಾಗುತ್ತೆ."

ಬೆಲೆ ಕೇಳಿಕೊಂಡೇ ಅವಳು ಕಾರ್ಖಾನೆಯ ಆಫೀಸಿಗೆ ಹೋದಳು. ಕಂಪನಿ ಕಿವಿಯ ಪರಿಹಾರ ಕೊಟ್ಟರೆ ಅಂಥದ್ದು ಎರಡು ಬರುತ್ತಿತ್ತು. ಮುದುಕಿಗೆ ಮಗನೂ ಇರುತ್ತಿದ್ದ, ಇವಳಿಗೆ ಮುದುಕಿಯ ಬಾಯೂ ಇರುತ್ತಿತ್ತು. ಮಗನ ಜೊತೆ ಮಾತು ಮುಗಿದ ಮೇಲೆ ಉಳಿದ ಚೂರುಪಾರಾದರೂ. ಆಫೀಸರು ಕುರ್ಚಿ ತೋರಿಸಿದ, ಮನೆಯ ವಿಷಯ ವಿಚಾರಿಸಿದ, ತಾಯಿಗೆ ಹೇಗಿದೆ ಅಂದ. ಅವನ ಬಾಯಿ ಓದಿಕೊಂಡು ಎಲ್ಲಕ್ಕೂ ತಪ್ಪದೆ ಉತ್ತರ ಕೊಟ್ಟಳು. ಆಫೀಸರು ಪೆನ್ನಿನ ಟೋಪಿ ಹಾಕಿದ.

"ನೋಡಮ್ಮಾ, ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಚೆನ್ನಾಗಿ ಕೇಳಿಸ್ತಲ್ಲ. ಸುಮ್ನೆ ಯಾಕೆ ಕಂಪನಿ ಮೇಲೆ ಹಾಕ್ತೀಯ?"

ಅವನ ತುಟಿ ಎಷ್ಟು ಚೊಕ್ಕವಾಗಿ ಆಡುತ್ತಿತ್ತೆಂದರೆ, ಕೊನೆಯ ಮಾತನ್ನಾದರೂ ಓದಲು ಬಾರದಿದ್ದರೆ ಚೆನ್ನಾಗಿತ್ತು ಅಂದುಕೊಂಡಳು.

ಮನೆಗೆ ಬಂದು ದಿಂಬಿನ ಪಕ್ಕದ ಕಿಟಕಿಯಿಂದ ಶುರುಮಾಡಿದಳು. ಮೊದಲು ಮುಚ್ಚಳ, ಆಮೇಲೆ ತಗಡು. ಹೊಡೆಯಲು ಹಿಡಿದಷ್ಟು ಹೊತ್ತು ಕೀಳಲು ಹಿಡಿಯಲಿಲ್ಲ. ಫೋನು ಬೆಳಗಿತು, ಮುದುಕಿ ಬಾಯಿಯ ಅರ್ಧ ಭಾಗದಲ್ಲಿ ನಕ್ಕಳು. ಮುಚ್ಚಳದಕ್ಕ ಮಷೀನಿನ ವೈರು ಸುತ್ತಿ ಒಲೆಯ ಮೇಲಿನ ಗೂಡಿಗೆ ಹಾಕಿದಳು. ಆಮೇಲೆ ಆ ಕೋಣೆಗೆ ಅದನ್ನು ಹಾಕಿಕೊಂಡು ಹೋಗಲಿಲ್ಲ.

ಮುದುಕಿ ಸತ್ತದ್ದು ಒಂದು ಮಧ್ಯಾಹ್ನ, ದಿಂಬಿನ ಮೇಲೆ, ಫೋನಿಗೆ ಕಿವಿ ಕೊಟ್ಟುಕೊಂಡು. ಮಗಳು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು, ನಿಂತಿತು. ಯಾವ ಮಾತಿನ ಮೇಲೆ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಿದ್ದವನು ಆ ಕಡೆ ಲಾರಿಯಲ್ಲಿದ್ದ.

ಮಣ್ಣು ಮಾಡಿ ಬಂದ ಮೇಲೆ ತಮ್ಮನನ್ನು ಎದುರಿಗೆ ಕೂರಿಸಿಕೊಂಡಳು. "ನನ್ನ ವಿಷಯ ಏನಾದ್ರೂ ಅಂದ್ಲೇನೋ?"

ಅವನು ತಲೆ ಕೆರೆದುಕೊಂಡ. ಸುಳ್ಳು ಹೇಳುವಷ್ಟು ಕೆಟ್ಟವನಲ್ಲ, ಹೇಳಬೇಕು ಅಂತ ಹೊಳೆಯುವಷ್ಟು ಬುದ್ಧಿವಂತನೂ ಅಲ್ಲ. "ಅಂದ್ಲಕ್ಕ. ಚಹಾಕ್ಕೆ ಸಕ್ಕರೆ ಸಾಲಲ್ಲ, ಕೈ ಬಿಗಿ ನಿನ್ನ ಅಕ್ಕಂದು, ಅಂತ."

ತಗಡು ಮತ್ತು ಮುಚ್ಚಳಗಳನ್ನು ಗೋಣಿಗೆ ತುಂಬಿ ಅವಳು ವಾಪಸ್ಸು ಒಯ್ದಳು. ಮೊಳೆ ಹೊಡೆದ ಮಾಲು ಅಂತ ಕಾರ್ಖಾನೆ ಅರ್ಧ ಬೆಲೆಗೆ ಇಳಿಸಿಕೊಂಡಿತು. ಆಮೇಲೆ ಅವಳು ಹೋಗಿ ತನ್ನ ಪ್ರೆಸ್ಸಿನ ಮುಂದೆ ಕೂತಳು. ಪಕ್ಕದ ಪ್ರೆಸ್ಸಿಗೆ ಹೊಸಬಳೊಬ್ಬಳು ಬಂದಿದ್ದಾಳೆ. ಇನ್ನೂ ಕೂಗಿ ಮಾತಾಡುತ್ತಾಳೆ.

ನಿಮ್ಮ ಅಡುಗೆಮನೆಯಲ್ಲಿ ಸಾಲಾಗಿ ಡಬ್ಬಿಗಳಿವೆ, ಅವುಗಳಿಗೆ ಮುಚ್ಚಳಗಳಿವೆ. ಅವು ಆಕಾಶದಿಂದ ಉದುರಿದವಲ್ಲ. ಇಷ್ಟು ಓದಿ 'ಅಯ್ಯೋ ಪಾಪ' ಅಂತ ಲೊಚಗುಟ್ಟಬೇಡಿ. ಅವಳು ಬಾಯಿ ಓದುವವಳು, ನೀವು ಅಂದದ್ದು ಅವಳಿಗೆ ಕಾಣುತ್ತದೆ. ಮುಚ್ಚಳ ನಿಮ್ಮ ಮನೆಗೆ ಬಂದಿದೆ, ಕಿವಿ ಅವಳ ಮನೆಗೆ ಬಂದಿಲ್ಲ. ಗೇಟಿಗೆ ಬನ್ನಿ, ಅವಳ ಪಕ್ಕ ನಿಂತು ಆ ಆಫೀಸರನ್ನು ನಿಮ್ಮ ಬಾಯಿಂದಲೇ ಕೇಳಿ: ಇವಳ ಎರಡು ಕಿವಿ ಎಲ್ಲಿ? ಕೊಡುವ ತನಕ ಅಲ್ಲಿಂದ ಕದಲಬೇಡಿ.