ಸತ್ತ ಅಂಬಿಗ ಮತ್ತೆ ದೋಣಿ ನಡೆಸಿದ್ದು

ನಮ್ಮ ಸಾಗರದ ಕೋರ್ಟಿನಲ್ಲಿ ಜವಾನ ಬಾಗಿಲಿಗೆ ಬಂದು "ಮಂಜಪ್ಪಾ" ಎಂದು ಕೂಗಿದರೆ ಕನಿಷ್ಠ ನಾಲ್ಕು ಜನ ಏಳುತ್ತಿದ್ದರು. ಒಬ್ಬ ವಾದಿ, ಒಬ್ಬ ಸಾಕ್ಷಿ, ಒಬ್ಬ ಬೇರಾವುದೋ ದಾವೆಯವನು, ಇನ್ನೊಬ್ಬ ಬಿಸಿಲಿಗೆ ಹೆದರಿ ಸುಮ್ಮನೆ ಒಳಗೆ ಬಂದು ಕೂತವನು. ಅಲ್ಲಿ ಬೆರಳಚ್ಚುಗಾರನಾಗಿದ್ದ ನಾನು ಸಾಕ್ಷಿಗಳ ಹೇಳಿಕೆ ಬಡಿದು ಬಡಿದು ಒಂದು ವಿವೇಕ ಸಂಪಾದಿಸಿದ್ದೆ: ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗುವುದಿಲ್ಲ, ತಂದೆಯ ಹೆಸರು, ಊರು, ವಯಸ್ಸು ಮೂರೂ ಕೂಡಿಬರಬೇಕು. ಇಷ್ಟು ತಿಳಿದವನು ಕಾದಂಬರಿಯ ವಿಷಯದಲ್ಲಿ ಹೇಗೆ ಜಾರಿದೆನೆಂದು ನೀವು ಕೇಳಬಹುದು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಗುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಅಕ್ಕ ಶಾಂತಕ್ಕ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಒಂದು ಸಂಜೆ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದು ಬಲಗಾಲು ಮುರಿದುಕೊಂಡಳು. ಕಾಲಿಗೆ ಪ್ಲಾಸ್ಟರು ಬಿತ್ತು, ಅಕ್ಕ ಮಂಚ ಹಿಡಿದಳು, ಅಡಿಗೆ ನನ್ನ ಪಾಲಿಗೆ ಬಂತು. ಮಂಚದಿಂದ ನೇರ ಅಡಿಗೆಮನೆ ಕಾಣುತ್ತಿದ್ದುದು ನಮ್ಮ ಮನೆಯ ವಾಸ್ತುದೋಷ. ನಾನು ಒಗ್ಗರಣೆಗೆ ಕೈ ಎತ್ತಿದರೆ ಅವಳು ಅಲ್ಲಿಂದಲೇ ನಿಟ್ಟುಸಿರು ಬಿಡುತ್ತಿದ್ದಳು. ಅವಳ ಕಣ್ಣನ್ನು ಬೇರೆ ಕಡೆ ತಿರುಗಿಸುವುದಕ್ಕಾಗಿಯೇ ನಾನು ಬಸ್ ನಿಲ್ದಾಣದ ಹತ್ತಿರದ ಗಣಪತಣ್ಣನ ಬಾಡಿಗೆ ಪುಸ್ತಕದಂಗಡಿಯಿಂದ 'ಮೇಘವಾಹನ' ಎಂಬ ಕಾವ್ಯನಾಮದವರ ಮಾಯಾಲೋಕದ ಕಾದಂಬರಿಗಳನ್ನು ತಂದುಕೊಟ್ಟೆ.

ಆ ಕಾದಂಬರಿಗಳಲ್ಲಿ ರಾಜರಿಗೆ ವಜ್ರಕೇತು, ಧೂಮಸೇನ ಮುಂತಾದ ಬಾಯಿ ತುಂಬುವ ಹೆಸರುಗಳಿರುತ್ತಿದ್ದವು. ಕರಿಹೊಳೆ ದಾಟಿಸುವ ಅಂಬಿಗನ ಹೆಸರು ಮಾತ್ರ ಪುಟ್ಟಯ್ಯ. ರಾಜರು ಪುಸ್ತಕದಿಂದ ಪುಸ್ತಕಕ್ಕೆ ಬದಲಾದರೂ ಪುಟ್ಟಯ್ಯ ಬದಲಾಗುತ್ತಿರಲಿಲ್ಲ. ಮಾತು ಕಡಿಮೆ, ಕೆಲಸ ಜಾಸ್ತಿ. ಅಕ್ಕನಿಗೆ ರಾಜರಿಗಿಂತ ಅವನೇ ಇಷ್ಟವಾದ. ಅಂಥವನು 'ಉಪ್ಪಿನ ಸಿಂಹಾಸನ'ದ ನಡುವೆ, ಯಾವ ಸೂಚನೆಯೂ ಇಲ್ಲದೆ, ಒಂದೇ ವಾಕ್ಯದಲ್ಲಿ ಹೊಳೆಗೆ ಬಿದ್ದು ಸತ್ತ. ಅಕ್ಕ ಅತ್ತಳು. ಮರುವಾರ ನಾನು ತಂದ 'ಹಿತ್ತಾಳೆ ಚಂದ್ರ'ದ ಮೊದಲ ಅಧ್ಯಾಯದಲ್ಲೇ ಪುಟ್ಟಯ್ಯ ಎಂಬ ಅಂಬಿಗ ಆರಾಮಾಗಿ ದೋಣಿ ನಡೆಸುತ್ತಿದ್ದ.

ಅಕ್ಕ ಪುಸ್ತಕ ಮುಚ್ಚಿದಳು. "ಇವ ಅವನೇನಾ, ಬೇರೆಯವನಾ? ಅದು ತಿಳೀದೆ ನಾ ಮುಂದೆ ಓದೂದಿಲ್ಲ ನೋಡು."

ಓದದಿದ್ದರೆ ಮತ್ತೆ ನನ್ನ ಅಡಿಗೆಯೇ ಅವಳ ಅಧ್ಯಯನದ ವಸ್ತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅಷ್ಟರಲ್ಲಿ ಪ್ಲಾಸ್ಟರು ತೆಗೆದಾಗಿತ್ತು. ಮೂಳೆ ಕೂಡಿದೆ, ಇನ್ನು ನಡೆಯಬೇಕು, ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎರಡು ಸಲ ಎಚ್ಚರಿಸಿದ್ದರು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವೇ ಅವಳ ಬದುಕು. ಆದರೂ ಅವಳು ಕಾಲನ್ನು ನೆಲಕ್ಕೆ ಊರಲು ಒಪ್ಪುತ್ತಿರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಿದ್ದವಳು ಈಗ "ಪುಟ್ಟಯ್ಯನ ವಿಷಯ ಇತ್ಯರ್ಥ ಆಗ್ಲಿ, ಆಮೇಲೆ ನೋಡ್ವ" ಎನ್ನತೊಡಗಿದಳು. ನಾನು ಮೊದಲು ತಮಾಷೆ ಎಂದುಕೊಂಡೆ. ಒಂದು ದಿನ ಅವಳು ಗೋಡೆ ನೋಡುತ್ತಾ, "ಒಂದು ಪುಸ್ತಕದಾಗೆ ಬಿದ್ದವ ಇನ್ನೊಂದರಾಗೆ ಎದ್ದು ಬರ್ತಾನಾ ತಮ್ಮಾ?" ಎಂದಳು. ಅವಳಿಗಿದ್ದದ್ದು ಹೆದರಿಕೆ ಎಂದು ನನಗೆ ಆಗ ತಿಳಿಯಿತು.

ನಾನು ಮೇಘವಾಹನರ ಹದಿನಾಲ್ಕು ಕಾದಂಬರಿಗಳನ್ನೂ ತಂದು, ಕೋರ್ಟಿನ ಪದ್ಧತಿಯಂತೆ ಪುರಾವೆಗಳಿಗೆ ನಿಶಾನೆ ಹಾಕಿ ಪಟ್ಟಿ ಮಾಡಿದೆ. ನಿಶಾನೆ ಒಂದು: ಕರಿಹೊಳೆ ಒಂಬತ್ತು ಪುಸ್ತಕಗಳಲ್ಲಿ ಹರಿಯುತ್ತದೆ. ನಿಶಾನೆ ಎರಡು: ನಕ್ಕರೆ ಮಾತ್ರ ತೆರೆಯುವ ಬಾಗಿಲು ಐದು ಅರಮನೆಗಳಲ್ಲಿದೆ. ನಿಶಾನೆ ಮೂರು: ಏಳು ಪುಸ್ತಕಗಳಲ್ಲಿ ಏಳುವ ಬಿರುಗಾಳಿಯ ವರ್ಣನೆ ಅಕ್ಷರಶಃ ಒಂದೇ, ಅಂದರೆ ಅದು ಏಳು ಊರುಗಳಿಂದ ಕಂಡ ಒಂದೇ ಬಿರುಗಾಳಿ. ನಿಶಾನೆ ನಾಲ್ಕು: ಯಾವ ಪುಟದಲ್ಲೂ ಪುಟ್ಟಯ್ಯನ ಹೆಸರು ಒಂದು ಸಲಕ್ಕಿಂತ ಹೆಚ್ಚು ಬರುವುದಿಲ್ಲ, ಉಳಿದಂತೆ ಬರೀ 'ಅಂಬಿಗ', ಇದು ಆ ಲೋಕದವರು ಅವನಿಗೆ ಸಲ್ಲಿಸುವ ಗೌರವ. ಆದ್ದರಿಂದ ಎಲ್ಲ ಕಾದಂಬರಿಗಳೂ ಒಂದೇ ವಿಶ್ವದಲ್ಲಿ ನಡೆಯುತ್ತವೆ, ಪುಟ್ಟಯ್ಯನೂ ಒಬ್ಬನೇ.

ಗಣಪತಣ್ಣ ಪಟ್ಟಿಯನ್ನು ಪೂರ್ತಿ ಓದಿ ಕನ್ನಡಕ ಹಣೆಗೇರಿಸಿದ. "ಮಾರಾಯ್ರೆ, ಎಲ್ಲಾ ಹೋಟ್ಲಲ್ಲೂ ಇಡ್ಲಿ ಸಿಕ್ತದೆ. ಹಂಗಂತ ಎಲ್ಲಾ ಒಂದೇ ಹೋಟ್ಲಾ?"

ಅಕ್ಕನಿಗೆ ಪಟ್ಟಿ ಸಾಲಲಿಲ್ಲ. "ಇದು ನಿನ್ನ ವಾದ. ಬರ್ದವ್ರು ಎಂತ ಅಂತಾರೆ ಕೇಳ್ಕಂಡು ಬಾ." ಎಲ್ಲ ಪುಸ್ತಕಗಳ ಕೊನೆಯ ಪುಟದಲ್ಲೂ ತೀರ್ಥಹಳ್ಳಿಯ ಒಂದು ಮುದ್ರಣಾಲಯದ ವಿಳಾಸವಿತ್ತು. ರಜೆ ಹಾಕಿ ಹೊರಟೆ.

ಹೊಸನಗರದಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಯುತ್ತಾ ಕೂತಿದ್ದಾಗ ಪಕ್ಕದ ಹಿರಿಯರೊಬ್ಬರು ನನ್ನ ಕೈಯ ಕಾಗದಗಳನ್ನು ನೋಡಿ ಯಾವ ಕೇಸೆಂದು ವಿಚಾರಿಸಿದರು. ನಾನು ಸುಳ್ಳು ಹೇಳುವವನಲ್ಲ. ಒಬ್ಬ ಅಂಬಿಗ ಸತ್ತಿದ್ದಾನೋ ಬದುಕಿದ್ದಾನೋ ಎಂಬ ತಕರಾರು ಎಂದೆ.

"ಹೆಣ ಸಿಕ್ತಾ?"

"ಇಲ್ಲ."

"ವಾರಸುದಾರ್ರು?"

"ನಮ್ಮ ಅಕ್ಕ."

ಅವರು ಸಂಚಿ ಬಿಚ್ಚಿ, "ಹೊಳೆ ಕೇಸು ಲಗೂ ಮುಗಿಯಲ್ಲ ಬಿಡಿ" ಎಂದು ಎಲೆಯಡಿಕೆ ಕೊಟ್ಟರು. ಅಷ್ಟು ಸಹಾನುಭೂತಿ ನನಗೆ ಸಾಗರದಲ್ಲಿ ಸಿಕ್ಕಿರಲಿಲ್ಲ.

ತೀರ್ಥಹಳ್ಳಿಯ ಆ ಮುದ್ರಣಾಲಯ ಎರಡು ಕೋಣೆಯದು. ಒಳಗೆ ಮೈಯೆಲ್ಲ ಮಸಿಯಾದ ಐವತ್ತೈದರ ಸುಮಾರಿನ ಒಬ್ಬರು, ನಿಂತುಕೊಂಡೇ, ಮರದ ಖಾನೆಗಳಿಂದ ಸೀಸದ ಅಚ್ಚಿನ ಮೊಳೆಗಳನ್ನು ಹೆಕ್ಕಿ ಜೋಡಿಸುತ್ತಿದ್ದರು. ಹೆಸರು ಸೂರಪ್ಪ. ಮೇಘವಾಹನರನ್ನು ಕಾಣಬೇಕಿತ್ತು ಎಂದೆ. "ಕಂಡ್ರಲ್ಲ, ಕೂತ್ಕಳಿ" ಎಂದರು.

ಅವರ ಎದುರು ಹಸ್ತಪ್ರತಿ ಇರಲಿಲ್ಲ. ಹುಡುಕಿದೆ. ಬರೆದ ಕಾಗದವೇ ಇರಲಿಲ್ಲ. ಬರೆದು ಮತ್ತೆ ಮೊಳೆ ಜೋಡಿಸುವುದು ಎರಡೆರಡು ಕೆಲಸವೆಂದು ಅವರು ಕಥೆಯನ್ನು ನೇರವಾಗಿ ಮೊಳೆಯಲ್ಲೇ ಕಟ್ಟುತ್ತಿದ್ದರು. ಒಂದು ಪುಟ ತುಂಬಿದೊಡನೆ ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ, ಅವುಗಳಿಂದಲೇ ಮುಂದಿನ ಪುಟ. ನಾನು ಪಟ್ಟಿಯನ್ನು ಕೊಟ್ಟೆ. ಅವರು ಗಂಭೀರವಾಗಿ ಓದಿ, ಗೋಡೆಯ ಹಲಗೆಯಿಂದ ದಾರ ಸುತ್ತಿದ ಸೀಸದ ಗಟ್ಟಿಯೊಂದನ್ನು ಇಳಿಸಿದರು.

"ಇದು ನಿಮ್ಮ ಬಿರುಗಾಳಿ. ಎಂಟು ಸಾಲು. ಚೆನ್ನಾಗಿ ಬಂದಿತ್ತು, ಬಿಚ್ಚೋಕೆ ಮನಸ್ಸಾಗಲಿಲ್ಲ. ಬೇಕಾದಾಗ ಇಟ್ಕಳ್ಳೋದು."

ನಗುವ ಬಾಗಿಲೂ ಹಾಗೆಯೇ ಕಟ್ಟಿಟ್ಟದ್ದು. ಕರಿಹೊಳೆಯೂ. ಹಲಗೆಯ ಮೇಲೆ ಒಂದು ಬ್ರಹ್ಮಾಂಡವೇ ದಾರ ಸುತ್ತಿಕೊಂಡು ಸಾಲಾಗಿ ಕೂತಿತ್ತು. ನನ್ನ ನಿಶಾನೆಗಳು ಒಂದೊಂದಾಗಿ ಸೀಸವಾಗುವುದನ್ನು ನೋಡುತ್ತಾ ನಾನು ಕೇಳಬೇಕಾದ್ದನ್ನು ಕೇಳಿದೆ.

ಸೂರಪ್ಪನವರು ನಶ್ಯದ ಡಬ್ಬಿಯೊಂದನ್ನು ತೆರೆದು, ಬೆರಳುದ್ದದ ಸಣ್ಣ ಕಟ್ಟನ್ನು ನನ್ನ ಅಂಗೈ ಮೇಲಿಟ್ಟರು. ತಿರುವುಮುರುವಾಗಿ ಓದಿದೆ: ಪುಟ್ಟಯ್ಯ.

"ಇವ ಒಬ್ನೇ. ಅದಕ್ಕೇ ಪುಟಕ್ಕೆ ಒಂದೇ ಸಲ ಬರೋದು."

"ಹಾಗಾದರೆ ಸತ್ತದ್ದು?"

ಅವರು ಮೊದಲ ಸಲ ಸ್ವಲ್ಪ ನಾಚಿಕೊಂಡರು. "ಅದು ಮದುವೆ ಸೀಸನ್ನು ಮಾರಾಯ್ರೆ. ಇಲ್ಲೇ ಮೇಲಿನಕೇರಿಲಿ ಪುಟ್ಟಯ್ಯ ಅಂತ ಒಬ್ರು, ದೊಡ್ಡ ಕುಟುಂಬ. ಆ ವರ್ಷ ಮೂರು ಲಗ್ನ ಅವರ ಮನೇಲಿ. ಮೂರೂ ಲಗ್ನಪತ್ರಿಕೇಲಿ ಕೆಳಗೆ ಅವರ ಹೆಸರು ಬೇಕು. ಇವನನ್ನೇ ಎತ್ತಿ ಅಲ್ಲಿ ಇಡ್ಬೇಕಾಯ್ತು. ಕಥೆ ನಿಲ್ಸೋಕಾಗ್ತದಾ? ಕೊನೇ ಸಲ ಇವನ ಹೆಸರು ಅಚ್ಚು ಮಾಡಿ ಹೊಳೆಗೆ ಹಾಕ್ದೆ. ಮದುವೆ ಮುಗೀತು, ವಾಪಸ್ ಬಂದ."

ನನ್ನ ತೀರ್ಮಾನ ಸರಿಯಾಗಿತ್ತು, ಆಧಾರಗಳೆಲ್ಲ ತಪ್ಪಾಗಿದ್ದವು. ಕೋರ್ಟಿನಲ್ಲಿ ಇದು ಅಪರೂಪವೇನಲ್ಲ. ನನ್ನ ಅನುಭವಕ್ಕೆ ಬಂದದ್ದು ಮೊದಲ ಸಲ. ಎಲ್ಲವೂ ಒಂದೇ ಲೋಕವೇ ಹಾಗಾದರೆ ಎಂದು ಕೊನೆಯದಾಗಿ ಕೇಳಿದೆ. "ಇನ್ನೊಂದು ಲೋಕಕ್ಕೆ ಮೊಳೆ ಎಲ್ಲಿದೆ?" ಎಂದರು ಸೂರಪ್ಪನವರು. ಲೋಕಗಳು ಹೆಚ್ಚಾಗಿ ಹೀಗೇ ಒಂದಾಗುತ್ತವೇನೋ. ಇದ್ದಷ್ಟರಲ್ಲೇ ಎಲ್ಲವನ್ನೂ ಕಟ್ಟಬೇಕಾದವನ ಕೈಯಲ್ಲಿ ಸತ್ತವನನ್ನೂ ಬಿಟ್ಟುಕೊಡಲಾಗುವುದಿಲ್ಲ.

ಹೊರಡುವಾಗ ಅವರು ಆ ಹೆಸರಿಗೆ ಮಸಿ ಹಚ್ಚಿ, ಒಂದು ಚೀಟಿಯ ಮೇಲೆ ಒತ್ತಿಕೊಟ್ಟರು. ಪುಟ್ಟಯ್ಯನ 'ಪು' ಒಂದು ಕಡೆ ಸ್ವಲ್ಪ ಮುಕ್ಕಾಗಿತ್ತು. "ಯಾವ ಪುಸ್ತಕ ತೆಗೆದ್ರೂ ಈ ಮುಕ್ಕು ಇರ್ತದೆ. ಅಕ್ಕನೋರಿಗೆ ನೋಡೋಕೆ ಹೇಳಿ."

ಮರುದಿನ ಬೆಳಿಗ್ಗೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಅಕ್ಕನಿಗೆ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದೆ. "ಮದುವೆಗೆ ಹೋಗಿದ್ನಾ!" ಎಂದು ಒಮ್ಮೆ ಅಂದಳು, ಅಷ್ಟೇ. ಚೀಟಿ ಇಸಿದುಕೊಂಡು ಕನ್ನಡಕ ಹಾಕಿದಳು. ದಿಂಬಿನ ಪಕ್ಕದಲ್ಲಿದ್ದ 'ಉಪ್ಪಿನ ಸಿಂಹಾಸನ'ದಲ್ಲಿ ಅವನು ಸಾಯುವ ಪುಟ ತೆಗೆದು ಮುಕ್ಕನ್ನು ಹುಡುಕಿದಳು. ಇತ್ತು. ಇನ್ನು 'ಹಿತ್ತಾಳೆ ಚಂದ್ರ' ನೋಡಬೇಕು. ಅದು ಎದುರು ಗೋಡೆಯ ಗೂಡಿನಲ್ಲಿತ್ತು.

ಮುಂದಿನದಕ್ಕೆ ನಾನೊಬ್ಬನೇ ಸಾಕ್ಷಿ. ಅಕ್ಕ ಚೀಟಿಯಿಂದ ಕಣ್ಣು ತೆಗೆಯದೆ ಮಂಚದಿಂದ ಕಾಲು ಇಳಿಸಿದಳು. ಮೊದಲು ಎಡಗಾಲು, ಆಮೇಲೆ ಬಲಗಾಲು. ಎದ್ದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಅರ್ಧ ಹೆಜ್ಜೆ. ಅವಳು ಗೂಡಿಗೆ ಒಂದು ಕೈ ಊರಿ, ಪುಸ್ತಕ ತೆಗೆದು, ಪುಟ ತಿರುವಿ, ಚೀಟಿಯನ್ನು ಹೆಸರಿನ ಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

"ಇವ್ನೇ ಮಾರಾಯ," ಎಂದಳು.

ಆಮೇಲೆ ತಲೆ ಎತ್ತಿ ಬಾಯಿ ತೆರೆದು ಕೂತಿದ್ದ ನನ್ನನ್ನು ನೋಡಿದಳು.

"ಎಂತ ನೋಡ್ತಾ ಕೂತಿದೀಯಾ? ಆ ಕುರ್ಚಿ ಇತ್ಲಾಗೆ ತಗಂಡು ಬಾ. ನಿಂತು ನಿಂತು ಕಾಲು ನೋಯ್ತು."